ಟಿವಿ ಗಾಜಿನೊಳಗಿನ ಆ ತಾಯಿ

ಡಗ್ಲಸ್ ಸರ್ಕ್ ನಿರ್ದೇಶಿಸಿದ ಹಾಲಿವುಡ್ ಸಿನಿಮಾ ‘ಆಲ್ ದಟ್ ಹೆವನ್ ಅಲೌಸ್’ (1955) ಅಂದ ಕೂಡಲೇ ‘ಓ, ಆ ವಿಧವೆಯ ಲವ್ ಸ್ಟೋರಿ’ ಅನ್ನುವವರೇ ಹೆಚ್ಚು. ನಾನು ಒಪ್ಪುವುದಿಲ್ಲ. ಇದು ಮಕ್ಕಳ ಸಿನಿಮಾ. ಅಮ್ಮ ಬರೀ ಅಮ್ಮನಾಗಿಯೇ ಇರಬೇಕು ಅಂತ ಹಟ ಹಿಡಿಯುವ, ಓದುಬರಹ ಬಲ್ಲ, ಕೆಟ್ಟವರಲ್ಲದ ಮಕ್ಕಳ ಸಿನಿಮಾ.

ಕ್ಯಾರಿ (ಜೇನ್ ವೈಮನ್) ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರದೇಶದ ಸಣ್ಣ ಊರಿನ ಅನುಕೂಲಸ್ಥೆ. ಗಂಡ ತೀರಿಕೊಂಡಿದ್ದಾನೆ. ಮಗ ನೆಡ್, ಮಗಳು ಕೇ ಹೊರಗೆ ಓದುತ್ತಿದ್ದಾರೆ. ಮನೆಯ ಮರಗಳನ್ನು ಸವರಲು ಬರುವ, ತನಗಿಂತ ಚಿಕ್ಕವನಾದ ರಾನ್ (ರಾಕ್ ಹಡ್ಸನ್) ಮೇಲೆ ಅವಳಿಗೆ ಮನಸ್ಸಾಗುತ್ತದೆ. ಕಥೆ ಇಷ್ಟೇ.

ಹಳೇ ಈಜಿಪ್ಟಿನಲ್ಲಿ ಸತ್ತ ಗಂಡನ ಸೊತ್ತಿನ ಜೊತೆ ಹೆಂಡತಿಯನ್ನೂ ಗೋರಿಯೊಳಗೆ ಮುಚ್ಚುತ್ತಿದ್ದರಂತೆ, ಈಗ ಹಾಗಿಲ್ಲ ಅಂತ ಕೇ ತಾಯಿಗೆ ಪಾಠ ಹೇಳುತ್ತಾಳೆ. ವಿಧವೆಯರ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಕಾಲವನ್ನು ಬಲ್ಲ ನಮಗೆ ಆ ಮಾತು ಚುರುಕ್ ಅನ್ನುತ್ತದೆ. ಅಮ್ಮ ಹಾರ್ವೆಯಂಥ ವಯಸ್ಸಾದ ಸಭ್ಯಸ್ಥನ ಜೊತೆ ಹೊರಟಾಗ ಮಗಳಿಗೆ ಈ ಉದಾರತೆ. ರಾನ್ ಹೆಸರು ಬಂದ ಮೇಲೆ ಅದೇ ಮಗಳು ತನ್ನ ಕೋಣೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ಕಿಟಕಿಯ ಬಣ್ಣದ ಗಾಜಿನಿಂದ ನೀಲಿ, ಕೆಂಪು, ಹಳದಿ ಬೆಳಕು ತಾಯಿ ಮಗಳ ಮುಖದ ಮೇಲೆ ಬೀಳುತ್ತದೆ. ಆ ಅಳುವಿಗೆ ಸೋತು ಕ್ಯಾರಿ ರಾನ್‌ನನ್ನು ಬಿಡುತ್ತಾಳೆ.

ಕ್ರಿಸ್‌ಮಸ್ ಬರುತ್ತದೆ. ಕೇಗೆ ಮದುವೆ ಗೊತ್ತಾಗಿದೆ, ನೆಡ್ ವಿದೇಶಕ್ಕೆ ಹೊರಟಿದ್ದಾನೆ, ಇಷ್ಟು ದೊಡ್ಡ ಮನೆ ಯಾಕೆ, ಮಾರಿಬಿಡೋಣ ಅನ್ನುತ್ತಾನೆ. ಯಾರಿಗಾಗಿ ಬಿಟ್ಟಳೋ ಅವರೇ ಇಲ್ಲ. ಆಗ ರಿಬ್ಬನ್ ಕಟ್ಟಿದ ಟಿವಿ ಒಳಗೆ ಬರುತ್ತದೆ. ಹಿಂದೆ ಕ್ಯಾರಿ ಬೇಡ ಅಂದಿದ್ದ ಅದೇ ಟಿವಿ, ಈಗ ಮಕ್ಕಳ ಉಡುಗೊರೆ. ಗುಂಡಿ ತಿರುಗಿಸಿದರೆ ಸಾಕು, ಬೇಕಾದಷ್ಟು ಜೊತೆ ಸಿಗುತ್ತದೆ ಅಂತ ಮಾರಾಟದವನು ವಿವರಿಸುತ್ತಾನೆ. ಕ್ಯಾಮೆರಾ ನಿಧಾನವಾಗಿ ಹತ್ತಿರ ಹೋಗುತ್ತದೆ. ಆನ್ ಆಗದ ಗಾಜಿನಲ್ಲಿ ಕಾಣುವುದು ಕ್ಯಾರಿಯ ಮುಖ, ನಾಲ್ಕೂ ಕಡೆ ಚೌಕಟ್ಟು. ಕೇ ಹೇಳಿದ್ದ ಗೋರಿ ಇದೇ. 1974ರಲ್ಲಿ ಜರ್ಮನ್ ನಿರ್ದೇಶಕ ಫಾಸ್‌ಬಿಂಡರ್ ‘ಅಲಿ: ಫಿಯರ್ ಈಟ್ಸ್ ದ ಸೋಲ್’ ಮಾಡಿದಾಗ ಈ ದೃಶ್ಯಕ್ಕೇ ಉತ್ತರ ಕೊಟ್ಟ: ಅಲ್ಲಿ ವಿಧವೆ ತಾಯಿಯ ಮರುಮದುವೆ ಕೇಳಿ ಮಗ ಟಿವಿಯನ್ನೇ ಒದ್ದು ಒಡೆಯುತ್ತಾನೆ.

ನೋಡುವವರಿಗೆ ಒಂದು ಕಳಕಳಿಯ ಮಾತು. ರಸೆಲ್ ಮೆಟ್ಟಿ ಛಾಯಾಗ್ರಹಣದ ಜೀವ ಇರುವುದು ಕಿಟಕಿಯ ತಣ್ಣನೆ ನೀಲಿಗೂ ದೀಪದ ಬೆಚ್ಚನೆ ಹಳದಿಗೂ ನಡುವಿನ ಜಗಳದಲ್ಲಿ. ಫೋನಿನಲ್ಲಿ ಪರದೆಯನ್ನು ಹಳದಿಯಾಗಿಸುವ ನೈಟ್ ಮೋಡ್ ಇದ್ದರೆ ಆ ನೀಲಿ ಸತ್ತೇಹೋಗುತ್ತದೆ, ಮೊದಲು ಅದನ್ನು ತೆಗೆಯಿರಿ. ಟಿವಿಯಲ್ಲಾದರೆ ‘ವಿವಿಡ್’ ಬಿಟ್ಟು ‘ಸಿನಿಮಾ’ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಕ್ಲಬ್ಬಿಗೆ ಹೋಗುವಾಗ ಕ್ಯಾರಿ ಉಡುವ ಕೆಂಪು ಗೌನು ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ, ಅದರ ಮಡಿಕೆಗಳೇ ತಿಳಿಯುವುದಿಲ್ಲ. ಚಲನೆಯನ್ನು ಕೃತಕವಾಗಿ ನಯಗೊಳಿಸುವ ಮೋಷನ್ ಸ್ಮೂತಿಂಗ್ ಕೂಡ ಆಫ್ ಮಾಡಿ. ಅದು ಆನ್ ಇದ್ದರೆ ಸ್ಟುಡಿಯೋದ ಹಿಮ ಸೀರಿಯಲ್ ಸೆಟ್ಟಿನಂತಾಗುತ್ತದೆ. ಅಂಚು ಕತ್ತರಿಸಿದ ಪ್ರತಿ ಬೇಡವೇ ಬೇಡ, ಕಿಟಕಿಯ ಚೌಕಟ್ಟುಗಳೇ ಮಾಯವಾಗಿರುತ್ತವೆ.

ಕ್ರಿಸ್‌ಮಸ್ ದೃಶ್ಯ ಶುರುವಾಗುವ ಹೊತ್ತಿಗೆ ಕೋಣೆಯ ದೀಪ ಆರಿಸಿರಿ. ಇಲ್ಲದಿದ್ದರೆ ನಿಮ್ಮ ಟಿವಿಯ ಗಾಜಿನಲ್ಲಿ ನಿಮ್ಮದೇ ಬಿಂಬ ಅವಳ ಮುಖದ ಮೇಲೆ ಬಂದು ಕೂರುತ್ತದೆ.