ಸ್ಪಷ್ಟನೆ: ಕರಾಟೆ ಬೆಲ್ಟ್ ತೊಳೆಯಬಾರದು ಎಂಬ ಮೆಸೇಜ್ ತಪ್ಪು

ರಾಯಚೂರಿನ ಕೆಲವು ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. 'ಕರಾಟೆ ಬೆಲ್ಟ್ ತೊಳೆಯಬೇಡಿ, ತೊಳೆದರೆ ಕಲಿತ ವಿದ್ಯೆ ಹೋಗುತ್ತದೆ. ಹಿಂದೆ ಬಿಳಿ ಬೆಲ್ಟೇ ಬೆವರು, ಮಣ್ಣು ಕುಡಿದು ಕಪ್ಪಾಗುತ್ತಿತ್ತು' ಅಂತ. ಹೋದ ವಾರ ನಾನೂ ಇದನ್ನು ಎರಡು ಗುಂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಕಪ್ಪು ಬೆಲ್ಟ್ ಕೊಳೆಯಿಂದ ಹುಟ್ಟಿದ್ದಲ್ಲ. ಜೂಡೋ ಶುರು ಮಾಡಿದ ಜಪಾನಿನ ಜಿಗೊರೊ ಕಾನೊ 1880ರ ದಶಕದಲ್ಲಿ ಮೇಲಿನ ದರ್ಜೆಯ ಶಿಷ್ಯರನ್ನು ಗುರುತಿಸಲು ಅದನ್ನು ತಂದರು. ಕರಾಟೆ ಗುರು ಗಿಚಿನ್ ಫುನಾಕೋಶಿ 1924ರಲ್ಲಿ ಅದನ್ನು ಕರಾಟೆಗೆ ತೆಗೆದುಕೊಂಡರು. ಹಳದಿ, ಹಸಿರು ಬಣ್ಣಗಳು ಸೇರಿದ್ದು ಆಮೇಲೆ.

ನಮ್ಮೂರಿನ ಬಿಸಿಲು ಗೊತ್ತಲ್ವಾ? ಅರ್ಧ ಗಂಟೆಗೇ ಬಟ್ಟೆಯೆಲ್ಲ ಬೆವರು. ಒದ್ದೆ ಬೆಲ್ಟನ್ನು ಹಾಗೇ ಬ್ಯಾಗಿನಲ್ಲಿ ಇಟ್ಟರೆ ವಾಸನೆಯ ಜೊತೆ ಬೂಷ್ಟೂ ಬರುತ್ತದೆ. ಮೈಗೆ ಮೈ ತಾಗುವ ಆಟಗಳಲ್ಲಿ ಗಜಕರ್ಣದಂಥ ಚರ್ಮದ ಸೋಂಕು ಸುಲಭವಾಗಿ ಹರಡುತ್ತದೆ. ಸಮವಸ್ತ್ರವನ್ನು ಪ್ರತಿ ಸಲ ಒಗೆಯಿರಿ. ಬೆಲ್ಟನ್ನು ಆಗಾಗ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಕರಾಟೆ ಕಲಿಯುವ ಮಗುವಿನ ಉಗುರೂ ಕತ್ತರಿಸಿರಲಿ, ಜೊತೆಯವರಿಗೆ ಗೀರಬಾರದು. ನನ್ನ ಪ್ರಕಾರ ಹೊಸಬರು ತೋರಿಸಬೇಕಾದ ಮೊದಲ ಮರ್ಯಾದೆ ಇದೇ.

ಬೆಲ್ಟಿಗೆ ಗೌರವ ಬೇಡ ಎನ್ನುತ್ತಿಲ್ಲ. ಗರಡಿಗೆ ಇಳಿಯುವಾಗ ಮಣ್ಣು ಮುಟ್ಟಿ ನಮಸ್ಕರಿಸುತ್ತೇವಲ್ಲ, ಹಾಗೇ ಅದನ್ನು ನೆಲದ ಮೇಲೆ ಎಸೆಯದೆ ಮಡಚಿ ಇಡಲಿ.

ಆ ಹಳೇ ಮೆಸೇಜ್ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ನನ್ನಿಂದ ಪಡೆದವರು ಅಳಿಸಿ, ಬದಲಿಗೆ ಇದನ್ನು ಹಾಕಿ.