ಹಿಟ್ಟು ಉಬ್ಬದ ಊರಿನಲ್ಲಿ

ಅಮೆರಿಕದ ಮಿನಿಯಾಪೊಲಿಸ್‌ನ ಕೊರೆಯುವ ಜನವರಿಯಲ್ಲಿ ದೋಸೆಗೆ ನೆನೆಹಾಕುವವರಿಗೆ ದೇವರ ಮೇಲೆ ನಂಬಿಕೆ ಇರಬೇಕು, ಇಲ್ಲವೇ ಮನೆಯಲ್ಲೊಂದು ಥರ್ಮಾಮೀಟರ್ ಇರಬೇಕು. ಊರಲ್ಲಾದರೆ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಮುಚ್ಚಳ ತಳ್ಳಿಕೊಂಡು ಎದ್ದು ಕೂತಿರುತ್ತದೆ. ಮಿನಿಯಾಪೊಲಿಸ್‌ನಲ್ಲಿ ಮುಚ್ಚಳ ತೆಗೆದು ನೋಡಿದರೆ ರಾತ್ರಿ ಮಲಗಿದ್ದ ಹಾಗೇ ಮಲಗಿರುತ್ತದೆ.

ಪಾಪ, ಹಿಟ್ಟಿನ ತಪ್ಪೇನಿಲ್ಲ. ಅದನ್ನು ಉಬ್ಬಿಸುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಉದ್ದಿನಬೇಳೆಯ ಜತೆಗೇ ಬಂದಿರುತ್ತದೆ. 28ರಿಂದ 32 ಡಿಗ್ರಿ ಸೆಲ್ಸಿಯಸ್ ಸಿಕ್ಕರೆ ಎಂಟು-ಹತ್ತು ಗಂಟೆಯಲ್ಲಿ ಕೆಲಸ ಮುಗಿಸುತ್ತದೆ. ಹೀಟರನ್ನು 20ಕ್ಕೆ ಇಟ್ಟ ಮನೆಯಲ್ಲಿ ಅದಕ್ಕೆ ಇಡೀ ದಿನ ಬೇಕು. ಅಷ್ಟು ಹೊತ್ತಿಗೆ ಮನೆಮಂದಿ ಬ್ರೆಡ್ಡು ತಿಂದು ಮುಗಿಸಿರುತ್ತಾರೆ.

ಅಳತೆಯಲ್ಲಿ ರಹಸ್ಯವೇನಿಲ್ಲ: ಮೂರು ಲೋಟ ದೋಸೆ ಅಕ್ಕಿ, ಒಂದು ಲೋಟ ಗುಂಡು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಐದಾರು ಗಂಟೆ ನೆನೆಯಲಿ. ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೂತ ಬೇಳೆ ಎಷ್ಟು ರುಬ್ಬಿದರೂ ಹಗುರಾಗುವುದಿಲ್ಲ, ಪೊಟ್ಟಣದ ಮೇಲಿನ ತಾರೀಕು ನೋಡಿ ತನ್ನಿ. ಬಾಸ್ಮತಿ ಬಿರಿಯಾನಿಗಿರಲಿ.

ರುಬ್ಬುವುದು ಇನ್ನೊಂದು ಪುರಾಣ. ಬೆಂಗಳೂರಿನಿಂದ ಸೀರೆಯಲ್ಲಿ ಸುತ್ತಿ ತಂದ ಮಿಕ್ಸಿ 230 ವೋಲ್ಟಿನದು, ಅಮೆರಿಕದ ಗೋಡೆ ಕೊಡುವುದು 120. ವೋಲ್ಟೇಜು ಅರ್ಧವಾದರೆ ಸಿಗುವುದು ಹೆಚ್ಚುಕಡಿಮೆ ಕಾಲು ಶಕ್ತಿ. ಮಿಕ್ಸಿ ಹಿಟ್ಟನ್ನು ರುಬ್ಬುವುದಿಲ್ಲ, ನೇವರಿಸುತ್ತದೆ. 750 ವ್ಯಾಟಿನ ಮಿಕ್ಸಿಗೆ 1500 ವ್ಯಾಟಿನ ಟ್ರಾನ್ಸ್‌ಫಾರ್ಮರ್ ಆದರೂ ಬೇಕು, ಶುರುವಾಗುವಾಗ ಮೋಟಾರು ದುಪ್ಪಟ್ಟು ಎಳೆಯುತ್ತದೆ. ಆ ಟ್ರಾನ್ಸ್‌ಫಾರ್ಮರ್ ಮಿಕ್ಸಿಗಿಂತ ಭಾರ. ಅಲ್ಲಿಯದೇ ಬ್ಲೆಂಡರ್ ಕೊಂಡರೆ ಅದರ ವೇಗಕ್ಕೆ ಹಿಟ್ಟು ಬಿಸಿಯಾಗುತ್ತದೆ, ಐಸ್‌ ನೀರು ಹಾಕಿ ತಡೆ ತಡೆದು ತಿರುಗಿಸಬೇಕು.

ಇನ್ನು ಓವನ್. ಪರದೇಶದ ದೋಸೆಯ ಹೆರಿಗೆ ಮನೆ ಅದು. 40 ವ್ಯಾಟಿನ ಹಳೇ ಬಲ್ಬು ಹೊತ್ತಿಸಿ ಬಾಗಿಲು ಮುಚ್ಚಿದರೆ ಒಳಗೆ 30ರ ಆಸುಪಾಸು ಕಾವು. ತೀರಾ ಬಿಸಿಯೆನಿಸಿದರೆ ಬಾಗಿಲ ಸಂದಿಗೊಂದು ಮರದ ಸೌಟು ಸಿಕ್ಕಿಸಿ. ಹೊಸ ಓವನ್‌ನವರು ಇಲ್ಲೇ ಮೋಸ ಹೋಗುವುದು. ಅದರ ಎಲ್‌ಇಡಿ ದೀಪ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ರಾತ್ರಿಯಿಡೀ ಹಿಟ್ಟು ಝಗಮಗಿಸುತ್ತದೆ, ಉಬ್ಬುವುದಿಲ್ಲ. ಅಂಥವರು ಪಕ್ಕದಲ್ಲೊಂದು ಪಾತ್ರೆ ಕುದಿನೀರಿಟ್ಟು, ಆರಿದಾಗ ಬದಲಿಸಬೇಕು. ಎಲೆಕ್ಟ್ರಿಕ್ ಕುಕ್ಕರಿನಲ್ಲಿ ಮೊಸರು ಮಾಡುವ ಗುಂಡಿ ಒತ್ತುವವರೂ ಇದ್ದಾರೆ. ಅದರ ಕಾವು ಮೊಸರಿಗೆ ಹದ, ಹಿಟ್ಟಿಗೆ ಅತಿ. ಹುಳಿ ಜಾಸ್ತಿಯಾಗಬಹುದು, ಗಾಳಿ ಕಮ್ಮಿಯಾಗಬಹುದು.

ಪಾತ್ರೆಯನ್ನು ಅರ್ಧಕ್ಕಿಂತ ಮೇಲೆ ತುಂಬಬೇಡಿ, ಕೆಳಗೊಂದು ತಟ್ಟೆ ಇರಲಿ. ಉಕ್ಕಿ ಸುರಿದು ಓವನ್ ತಳದಲ್ಲಿ ಒಣಗಿದ ಹಿಟ್ಟು ಮುಂದಿನ ಸಲ ಕೇಕ್ ಬೇಯುವಾಗ ಸೀದು ತನ್ನ ಇರವು ತಿಳಿಸುತ್ತದೆ.

ಅತಿ ದೊಡ್ಡ ಅನಾಹುತ ಮಾತ್ರ ಮನೆಯವರದೇ. ಒಳಗೆ ಹಿಟ್ಟಿದೆ ಎಂದು ಗೊತ್ತಿಲ್ಲದ ಒಬ್ಬರು ಸಂಜೆ ಪಿಜ್ಜಾಕ್ಕೆಂದು ಓವನನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ತಿರುಗಿಸುತ್ತಾರೆ. ಸ್ಟೀಲ್ ಪಾತ್ರೆಯಾದರೆ ಪಾತ್ರೆಯಾಕಾರದ ಒಂದೇ ಇಡ್ಲಿ. ಪ್ಲಾಸ್ಟಿಕ್ ಡಬ್ಬಿಯಾದರೆ ಡಬ್ಬಿಯೂ ದೋಸೆ. ಆದ್ದರಿಂದ ಓವನ್ ಗುಂಡಿಯ ಮೇಲೇ ಚೀಟಿ ಅಂಟಿಸಿ: ‘ಒಳಗೆ ಹಿಟ್ಟಿದೆ’. ಮಕ್ಕಳು ಕನ್ನಡ ಓದದವರಾದರೆ ಚಿತ್ರ ಬರೆಯಿರಿ.

ಚಟ್ನಿಗೆ ಫ್ರೀಜರಿನ ಕಾಯಿತುರಿ ಬಳಸುವವರು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ರುಬ್ಬಲಿ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತಣ್ಣೀರಿನ ಚಟ್ನಿಯಲ್ಲಿ ಬೆಣ್ಣೆಯಂಥ ಹರಳು ತೇಲುತ್ತವೆ. ಒಗ್ಗರಣೆಗೆ ಕರಿಬೇವನ್ನು ಸೂಟ್‌ಕೇಸಿನಲ್ಲಿ ತರುತ್ತೇವೆಂಬ ಆಸೆ ಬಿಡಿ. ಕಿತ್ತಳೆ-ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅಮೆರಿಕದ ವಿಮಾನ ನಿಲ್ದಾಣದವರು ಹಸಿ ಎಲೆಯನ್ನು ಒಳಗೆ ಬಿಡುವುದಿಲ್ಲ. ಒಣಮೆಣಸಿನಕಾಯಿಯನ್ನು ಉರಿ ಆರಿಸಿದ ಮೇಲೆ ಎಣ್ಣೆಗೆ ಹಾಕಿ. ಬಾಡಿಗೆ ಮನೆಗಳ ಎಷ್ಟೋ ಚಿಮಣಿಗಳು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಸೋಸಿ ನಿಮ್ಮ ಮುಖಕ್ಕೇ ವಾಪಸು ಊದುತ್ತವೆ. ಆಮೇಲೆ ಅಲಾರಂ ಕೂಗುತ್ತದೆ, ಕೆಳಗಿನ ಮನೆಯವರು ಕೋಟು ತೊಟ್ಟು ಹಿಮದಲ್ಲಿ ನಿಲ್ಲುತ್ತಾರೆ.

ಇಷ್ಟಾದರೂ ಹಿಟ್ಟು ಏಳಲಿಲ್ಲ, ಬಾಗಿಲಲ್ಲಿ ನೆಂಟರು ಚಪ್ಪಲಿ ಬಿಡುತ್ತಿದ್ದಾರೆ ಎಂದುಕೊಳ್ಳಿ. ಮುಂಜಾಗ್ರತೆಗೆ ಬೆಳಿಗ್ಗೆಯೇ ಎರಡು ಲೋಟ ಸೋನಾ ಮಸೂರಿ ನೆನೆಹಾಕಿದ್ದರೆ ಬಚಾವ್. ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಕಾದ ಕಾವಲಿಗೆ ಎರಚಿ ಮುಚ್ಚಿ. ನೀರುದೋಸೆಗೆ ಉದ್ದು ಬೇಡ, ಉಬ್ಬೂ ಬೇಡ. ಮಸಾಲೆ ದೋಸೆ ಅಂದಿದ್ರಲ್ಲ ಎಂದು ಯಾರಾದರೂ ಕೇಳಿದರೆ, ಆಲೂಗಡ್ಡೆ ಪಲ್ಯ ಪಕ್ಕಕ್ಕೆ ಬಡಿಸಿ.