ಬಾಗಿಲ ಬಳಿಯ ಕಾಯಿಲೆ

ಕಾಯಿಲೆಯ ಕಥೆಯನ್ನು ರೋಗಿಯ ಬಾಯಿಂದಲೇ ಕೇಳಬೇಕು ಎಂದು ವೈದ್ಯಕೀಯ ಕಾಲೇಜಿನಲ್ಲಿ ಕಲಿಸುತ್ತಾರೆ. ಆ ಬಾಯಿ ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ಮಾತ್ರ ಯಾರೂ ಕಲಿಸುವುದಿಲ್ಲ. ಕುಟುಂಬ ವೈದ್ಯನಾಗಿ ಕ್ಲಿನಿಕ್ಕಿನಲ್ಲಿ ಕೂತ ಮೇಲೆ ರೋಗಿಗಳೇ ಆ ಪಾಠ ಹೇಳಿಕೊಡುತ್ತಾರೆ.

ಉದಾಹರಣೆಗೆ, ಸ್ಟೆತಾಸ್ಕೋಪ್. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ಯುವತಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಅದರ ಮೂಲಕ ಆಲಿಸಿದ. ಸಂಕೋಚದಿಂದ ಹುಟ್ಟಿದ ಸಾಧನ ಇದು. ಆದರೆ ಆ ಸಂಕೋಚವೆಲ್ಲ ವೈದ್ಯನದು. ರೋಗಿಗಳಿಗೆ ಇದರ ಮುಂದೆ ಯಾವ ಸಂಕೋಚವೂ ಇಲ್ಲ. ಅಲ್ಲಿಯವರೆಗೆ ‘ಹೂಂ’, ‘ಉಹೂಂ’ ಎನ್ನುತ್ತಿದ್ದವರಿಗೂ ಎದೆಯ ಮೇಲೆ ತಣ್ಣಗಿನ ಬಿಲ್ಲೆ ತಾಗಿದ ಕೂಡಲೇ ಮಾತು ಉಕ್ಕುತ್ತದೆ. ‘ದೀರ್ಘವಾಗಿ ಉಸಿರೆಳೆದುಕೊಳ್ಳಿ’ ಎಂದೆ ಒಬ್ಬ ಹಿರಿಯರಿಗೆ. ಎಳೆದುಕೊಂಡರು. ಎಳೆದುಕೊಂಡ ಉಸಿರನ್ನು ಸುಮ್ಮನೆ ಬಿಟ್ಟುಬಿಡಲು ಮನಸ್ಸಾಗದೆ ಅಳಿಯನ ವಿಷಯ ತೆಗೆದರು. ಶ್ವಾಸಕೋಶದಲ್ಲಿ ಸಣ್ಣ ಚರಚರ ಸದ್ದೇನಾದರೂ ಇದೆಯೇ ಎಂದು ಕಿವಿಗೊಟ್ಟಿದ್ದ ನನಗೆ ಅಳಿಯನ ದುಂದುಗಾರಿಕೆ ಧ್ವನಿವರ್ಧಕದಲ್ಲಿ ಕೇಳಿಸಿತು.

ಬಿಪಿ ನೋಡುವಾಗಲಂತೂ ಮೌನ ನಿಯಮವೇ. ಐದು ನಿಮಿಷ ಸುಮ್ಮನೆ ಕೂರಬೇಕು, ಕಾಲ ಮೇಲೆ ಕಾಲು ಹಾಕಬಾರದು, ತೋಳು ಹೃದಯದ ಮಟ್ಟದಲ್ಲಿರಬೇಕು, ಮಾತನಾಡಬಾರದು. ಇವೆಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ ಒಬ್ಬರೇ ಮಹಿಳೆಯನ್ನು ನಾನು ಕಂಡಿದ್ದೇನೆ. ಜೊತೆಗೆ ಬಂದ ಪತಿ ಅವರಿಗೆ ಬಾಯಿ ತೆರೆಯಲು ಅವಕಾಶವನ್ನೇ ಕೊಟ್ಟಿರಲಿಲ್ಲ, ಅಷ್ಟೆ. ‘ತಲೆನೋವು ಯಾವಾಗಿನಿಂದ?’ ಎಂದು ನಾನು ಆಕೆಯನ್ನು ಕೇಳಿದರೆ, ‘ಶುಕ್ರವಾರದಿಂದ, ಹಣೆಯ ಎಡಭಾಗದಲ್ಲಿ’ ಎಂದು ಅವರು. ‘ನಿದ್ದೆ?’ ಎಂದರೆ, ‘ಚೆನ್ನಾಗಿ ಮಾಡುತ್ತಾಳೆ.’ ತೋಳಿನ ಪಟ್ಟಿ ಬಿಗಿಯತೊಡಗಿದಾಗಲೂ ಅವರ ವರದಿ ನಡೆದೇ ಇತ್ತು. ಪಟ್ಟಿ ಸಡಿಲವಾದ ಮೇಲೆ ಆಕೆ ಮೆಲ್ಲಗೆ ನನ್ನತ್ತ ಬಾಗಿ, ‘ಮಾತನಾಡಿದರೆ ಏರುತ್ತದೆ ಎಂದಿರಲ್ಲ ಡಾಕ್ಟರೇ, ಕೇಳಿಸಿಕೊಂಡರೂ ಏರುತ್ತದೆಯೇ?’ ಎಂದರು. ವೈದ್ಯರನ್ನು ಕಂಡೇ ಏರುವ ಬಿಪಿಗೆ ಬಿಳಿ ಕೋಟಿನ ಹೆಸರಿಟ್ಟಿದ್ದಾರೆ. ಕ್ಲಿನಿಕ್ಕಿನಲ್ಲಿ ಸರಿಯಿದ್ದು ಮನೆಯಲ್ಲಿ ಏರುವುದೂ ಉಂಟು. ಎರಡನ್ನೂ ಒಟ್ಟಿಗೆ ಕರೆತಂದವರಿಗೆ ಏನೆನ್ನಬೇಕೋ ತಿಳಿಯಲಿಲ್ಲ. ಮಾತ್ರೆ ಬರೆಯುವ ಮೊದಲು ಪತಿಯನ್ನು ‘ಹೊರಗೆ ಹೋಗಿ ನಿಮ್ಮ ತೂಕ ನೋಡಿಸಿಕೊಂಡು ಬನ್ನಿ’ ಎಂದು ಕಳುಹಿಸಿ ಮತ್ತೊಮ್ಮೆ ಅಳೆದೆ. ಇಳಿದಿತ್ತು.

‘ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಎಂಬ ಪ್ರಶ್ನೆಗೆ ಬರುವ ಉತ್ತರ ಸದಾ ಒಂದೇ: ‘ಅದೇ ಡಾಕ್ಟರೇ, ಸಣ್ಣದು, ಬಿಳಿಯದು.’ ಬಿಪಿಯದೂ ಸಣ್ಣದು, ಬಿಳಿಯದು. ಥೈರಾಯ್ಡಿನದೂ ಹಾಗೆಯೇ ಇರುತ್ತದೆ. ‘ಮಧ್ಯದಲ್ಲಿ ಗೆರೆ ಇದೆ’ ಎಂಬ ಸುಳಿವಿನಿಂದ ಏನೂ ಬಗೆಹರಿಯುವುದಿಲ್ಲ.

ಕ್ಲಿನಿಕ್ಕಿನ ಹೊರಗೂ ಬಿಡುವಿಲ್ಲ. ಕ್ಷೌರಕ್ಕೆ ಹೋದರೆ, ತಲೆ ಬಗ್ಗಿಸಿ ಕೂತ ನನ್ನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಆತ ತನ್ನ ಅಂಗೈ ಜೋಮು ಹಿಡಿಯುವ ವಿಷಯ ಹೇಳುತ್ತಾನೆ. ಯಾವ ಕೈ ಎಂದು ಗಾಬರಿಯಿಂದ ಕೇಳುತ್ತೇನೆ. ಯುರೋಪಿನಲ್ಲಿ ಹಿಂದೆ ಕ್ಷೌರಿಕರೇ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. ಲಂಡನ್ನಿನಲ್ಲಿ ಇಬ್ಬರ ಸಂಘ ಬೇರೆಯಾದದ್ದು 1745ರಲ್ಲಿ. ಈತ ಮತ್ತೆ ಒಂದಾಗಲು ನೋಡುತ್ತಿದ್ದಾನೆ.

ಇವೆಲ್ಲವನ್ನೂ ಸಹಿಸಬಹುದು. ನನ್ನನ್ನು ಬೆವರಿಸುವುದು ಬಾಗಿಲ ಬಳಿಯ ಕಾಯಿಲೆ. ಕಾಲಿನ ಆಣಿ ತೋರಿಸಲು ಒಬ್ಬರು ಬಂದಿದ್ದರು. ಆಣಿಯ ಹುಟ್ಟು, ಬೆಳವಣಿಗೆ, ಅದಕ್ಕೆ ಕಾರಣವಾದ ಚಪ್ಪಲಿ, ಆ ಚಪ್ಪಲಿ ಕೊಂಡ ಸಂದರ್ಭ, ಎಲ್ಲವೂ ಸವಿಸ್ತಾರವಾಗಿ ಬಂದವು. ನಾನು ಚೀಟಿ ಬರೆದು ಕೊಟ್ಟೆ. ಎದ್ದರು, ನಮಸ್ಕರಿಸಿದರು, ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ತಿರುಗಿದರು.

‘ಅಂದ ಹಾಗೆ ಡಾಕ್ಟರೇ, ಮೆಟ್ಟಿಲು ಹತ್ತುವಾಗ ಎದೆ ಸ್ವಲ್ಪ ಹಿಡಿದಂತಾಗುತ್ತದೆ. ನಿಂತರೆ ಹೋಗುತ್ತದೆ. ಅದಕ್ಕೇನೂ ಬೇಡ, ಲಿಫ್ಟ್ ಇದೆ.’

ಆಣಿಗೆ ಇಪ್ಪತ್ತು ನಿಮಿಷ, ಹೃದಯಕ್ಕೆ ಮೂರು ವಾಕ್ಯ! ಅಷ್ಟರಲ್ಲಿ ಅರ್ಧ ಒಳಗೆ ಬಂದಿದ್ದ ಮುಂದಿನ ರೋಗಿಯನ್ನು ಹೊರಗೆ ಕೂರಿಸಿ, ಇವರನ್ನು ಕೈಹಿಡಿದು ಕರೆತಂದು ಮಲಗಿಸಿ ಇಸಿಜಿ ತೆಗೆಯತೊಡಗಿದೆ. ಎದೆಗೆ ಒಂದೊಂದೇ ತಂತಿ ಅಂಟಿಸುತ್ತಿದ್ದರೆ ಅವರು ಛಾವಣಿ ನೋಡುತ್ತಾ, ‘ಒಂದು ಆಣಿಗೆ ಈಗ ಇಷ್ಟೆಲ್ಲ ಪರೀಕ್ಷೆಯೇ?’ ಎಂದು ಬೇಸರಪಟ್ಟರು. ಹೃದ್ರೋಗ ತಜ್ಞರಿಗೆ ಪತ್ರ ಬರೆದುಕೊಟ್ಟು, ಇಂದೇ ಹೋಗಬೇಕೆಂದು ಮಗನಿಗೆ ಫೋನಿನಲ್ಲಿ ಹೇಳಿ ಕಳುಹಿಸಿದೆ. ಹೊರಡುವಾಗ ಆಣಿಯ ಮುಲಾಮನ್ನು ಎಷ್ಟು ದಿನ ಹಚ್ಚಬೇಕೆಂದು ಮರೆಯದೆ ಕೇಳಿದರು.

ಹೊರಗೆ ಕಾಯುತ್ತಿದ್ದ ಅಜ್ಜಿ ಬಾಗಿಲಲ್ಲಿ ಇಣುಕಿ, ‘ಬರಲೇ ಡಾಕ್ಟರೇ? ನನ್ನದು ಎರಡೇ ನಿಮಿಷ’ ಎಂದರು. ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿಯಿತ್ತು. ಎರಡೂ ಬದಿಯಲ್ಲಿ ಬರೆದಿತ್ತು.